ಪ್ರಶ್ನೋತ್ತರ: ಶುಗರ್ ಇದೆ, ಕಣ್ಣು ಚೆನ್ನಾಗೇ ಕಾಣ್ಸತ್ತೆ, ಮತ್ಯಾಕೆ ಹೋಗ್ಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಸುಮಾರು ಇಂಗ್ಲೆಂಡಲ್ಲಿರೋ ನಮ್ಮೋರದ್ದು, ಅದೂ ಒಂದೇ ವಿಷ್ಯ, ಶುಗರ್ ಇರೋರಿಗೆ ಅಲ್ಲಿನ ಎನ್‌ಎಚ್‌ಎಸ್, ಅಂದ್ರೆ ಸರ್ಕಾರಿ ಆರೋಗ್ಯ ಸೇವೆ, ಕಾಗದ ಕಳಿಸಿ ಕರೆದು ಮಾಡೋ ಕಣ್ಣಿನ ಸ್ಕ್ರೀನಿಂಗ್. ಅದಕ್ಕೆ ಎಲ್ಲಾನೂ ಒಟ್ಟಿಗೆ ತಗೊಂಡಿದೀನಿ. ಊರಲ್ಲಿರೋರೂ ಓದಿ, ರೋಗ ಅದೇ, ಪರೀಕ್ಷೆನೂ ಹೆಚ್ಚುಕಮ್ಮಿ ಅದೇ, ಮನೆಗೆ ಕಾಗದ ಬರಲ್ಲ ಅಷ್ಟೇ.

ಪ್ರ: ಅಮ್ಮನಿಗೆ 67. ಅಪ್ಪ ಅಮ್ಮ ಹ್ಯಾರೋದಲ್ಲಿ ನಮ್ಮ ಜೊತೆನೇ ಇದಾರೆ, ಬಂದು ಎಷ್ಟೋ ವರ್ಷ ಆಯ್ತು, ಪಾಸ್‌ಪೋರ್ಟೂ ಇಲ್ಲಿಯದೇ. ಅಮ್ಮನಿಗೆ ಶುಗರ್ ಇದೆ. ಕಣ್ಣಿನ ಸ್ಕ್ರೀನಿಂಗ್‌ಗೆ ಬನ್ನಿ ಅಂತ ಬರೋ ಕಾಗದನ ಗ್ಯಾಸ್ ಬಿಲ್ ಜೊತೆ ಡ್ರಾಯರ್‌ಗೆ ಹಾಕ್ತಾರೆ. ಕೇಳಿದ್ರೆ "ಸೂಜಿಗೆ ದಾರ ಪೋಣಿಸ್ತೀನಿ, ಅಕ್ಕೀಲಿ ಕಲ್ಲು ಆರಿಸ್ತೀನಿ, ನನ್ನ ಕಣ್ಣಿಗೇನಾಗಿದೆ" ಅಂತಾರೆ. ಏನು ಹೇಳಿ ಕರ್ಕೊಂಡು ಹೋಗ್ಲಿ? (ಮಗಳು, ಹ್ಯಾರೋ)

ಉ: ಅಮ್ಮ ಹೇಳೋದ್ರಲ್ಲಿ ಸುಳ್ಳೇನಿಲ್ಲಮ್ಮ, ಅವ್ರಿಗೆ ನಿಜವಾಗ್ಲೂ ಚೆನ್ನಾಗಿ ಕಾಣ್ತಿರಬಹುದು, ಈ ಕಾಯಿಲೆದು ತೊಂದರೆ ಇರೋದೇ ಅಲ್ಲಿ. ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾ, ಅದ್ರಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿರ್ತವೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ರೆ ಆ ನಾಳಗಳ ಗೋಡೆ ಸೋತುಹೋಗಿ ಅಲ್ಲಲ್ಲಿ ಚುಕ್ಕೆ ಥರ ಉಬ್ಬತ್ತೆ, ಒಸರತ್ತೆ, ಕೆಲವು ಕಡೆ ಕಟ್ಟಿಕೊಳ್ಳತ್ತೆ, ಆಮೇಲೆ ರಕ್ತ ಸಾಲ್ದೆ ಹೊಸ ನಾಳ ಹುಟ್ತವೆ, ಅವು ತುಂಬ ಮೆತ್ತಗೆ, ಒಂದಿನ ಒಡೆದು ಕಣ್ಣೊಳಗೆ ರಕ್ತ ತುಂಬ್ಕೊಳ್ಳತ್ತೆ. ಸೂಜಿಗೆ ದಾರ ಹಾಕೋಕೆ ಬೇಕಾಗಿರೋದು ರೆಟಿನಾದ ನಡುವಿನ ಒಂದು ಸಣ್ಣ ಜಾಗ, ಮ್ಯಾಕ್ಯುಲಾ ಅಂತಾರೆ, ಅದಕ್ಕೆ ತಾಗೋ ತನಕ ಸುತ್ತ ಏನಾದ್ರೂ ಗೊತ್ತಾಗಲ್ಲ, ನೋವೂ ಇಲ್ಲ. ಬ್ರಿಟನ್ನಲ್ಲೇ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಅನ್ನೋ ದೊಡ್ಡ ಅಧ್ಯಯನದಲ್ಲಿ, ಟೈಪ್ 2 ಶುಗರ್ ಇದೆ ಅಂತ ಹೊಸದಾಗಿ ಗೊತ್ತಾದೋರಲ್ಲೇ ಸುಮಾರು ಮೂರರಲ್ಲಿ ಒಬ್ರಿಗೆ ರೆಟಿನಾದಲ್ಲಿ ಆಗ್ಲೇ ಬದಲಾವಣೆ ಇತ್ತು.

ಲೇಸರ್ ಇರಲಿ, ಕಣ್ಣೊಳಗೆ ಕೊಡೋ ಇಂಜೆಕ್ಷನ್ ಇರಲಿ, ಇರೋ ದೃಷ್ಟಿ ಉಳಿಸೋದ್ರಲ್ಲಿ ಗಟ್ಟಿ, ಹೋದದ್ದನ್ನ ಪೂರ್ತಿ ವಾಪಸ್ ತರೋದ್ರಲ್ಲಿ ಅಷ್ಟಿಲ್ಲ. ಹಾಗಾಗಿ ಮಸುಕಾದ್ಮೇಲೆ ಹೋಗೋಣ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಇಂಗ್ಲೆಂಡಲ್ಲಿ ಈ ಕಾರ್ಯಕ್ರಮ 2003ರಲ್ಲಿ ಶುರುವಾಯ್ತು, 12 ವರ್ಷ ದಾಟಿದ ಶುಗರ್ ಇರೋ ಎಲ್ರಿಗೂ ಫ್ರೀ. 2009-10ರ ಲೆಕ್ಕ ತೆಗೆದು ನೋಡಿದಾಗ, ದುಡಿಯೋ ವಯಸ್ಸಿನೋರ ಕುರುಡುತನಕ್ಕೆ ಕಾರಣಗಳ ಪಟ್ಟೀಲಿ ಶುಗರ್ ಕಣ್ಣಿನ ಕಾಯಿಲೆ ಮೊದಲನೇ ಸ್ಥಾನದಿಂದ ಕೆಳಗಿಳಿದಿತ್ತು, ಕನಿಷ್ಠ 50 ವರ್ಷದಲ್ಲಿ ಅದೇ ಮೊದಲು. ಸ್ಕ್ರೀನಿಂಗ್ ಅದಕ್ಕೆ ಒಂದು ಕಾರಣ ಇರಬೇಕು ಅಂತ ಅದನ್ನ ಬರೆದೋರೇ ಹೇಳಿದ್ರು.

ಈಗ ಅಮ್ಮನ ವಿಷ್ಯ. ಇದನ್ನೆಲ್ಲ ಅವ್ರ ಮುಂದೆ ಭಾಷಣ ಮಾಡ್ಬೇಡಿ, "ಕುರುಡಾಗ್ತೀಯ" ಅಂತಂತೂ ಹೇಳ್ಲೇಬೇಡಿ, ಹೆದರಿದೋರು ಇನ್ನೂ ಹೋಗಲ್ಲ, ಇದು ನಾನು ಕ್ಲಿನಿಕ್ಕಲ್ಲಿ ದಿನಾ ನೋಡೋ ಸಂಗತಿ. ಅಲ್ಲಿ ಏನಾಗತ್ತೆ ಅಂತ ಹೇಳಿ ಸಾಕು. ಮೊದಲು ಗೋಡೆ ಮೇಲಿನ ಅಕ್ಷರ ಓದಿಸ್ತಾರೆ, ಕನ್ನಡಕ ಹಾಕ್ಕೊಂಡೇ. ಆಮೇಲೆ ಪಾಪೆ ಅಗಲ ಆಗೋಕೆ ಡ್ರಾಪ್ಸ್, ಒಂದೆರಡು ಕ್ಷಣ ಚುರುಕ್ ಅನ್ನತ್ತೆ. ಹೊರಗೆ ಕಾಲು ಗಂಟೆ ಕೂರಿಸ್ತಾರೆ, ಆಗ ಫೋನಲ್ಲಿರೋ ಅಕ್ಷರ ಎಲ್ಲ ಕಲಸಿಹೋಗತ್ತೆ, ಗಾಬರಿ ಬೇಡ. ಒಳಗೆ ಕರೆದು ಗಲ್ಲ ಒಂದು ಪಟ್ಟಿ ಮೇಲಿಡಿಸಿ, ಹಣೆ ಒತ್ತಿಸಿ, ಫಳ್ ಅಂತ ಬೆಳಕು ಬಿಟ್ಟು ಒಂದೊಂದು ಕಣ್ಣಿಂದೂ ಒಂದೆರಡು ಫೋಟೋ. ಮಷೀನು ಕಣ್ಣಿಗೆ ತಾಗೋದೂ ಇಲ್ಲ, ಗಾಳಿ ಊದೋದೂ ಇಲ್ಲ, ಲೇಸರೂ ಅಲ್ಲ. ಎಲ್ಲ ಸೇರಿ ಅರ್ಧ ಗಂಟೆ, ಹೆಚ್ಚೆಂದ್ರೆ ಇನ್ನೊಂಚೂರು. ನಮ್ಮ ಹಿರಿಯರಲ್ಲಿ ಬಹಳ ಜನಕ್ಕೆ "ಹೋದ್ರೆ ಲೇಸರ್ ಹೊಡೆದೇ ಕಳಿಸ್ತಾರೆ" ಅನ್ನೋ ಭಯ ಇದೆ, ಅದನ್ನ ಬಿಡಿಸಿ ಹೇಳಿದ್ರೇನೇ ಅರ್ಧ ಕೆಲಸ ಆಯ್ತು.

ಇನ್ನರ್ಧ ಫೋನಿನದು. ಡ್ರಾಯರ್‌ನಿಂದ ಕಾಗದ ತೆಗೀರಿ, ಅದ್ರಲ್ಲಿ ನಂಬರ್ ಇರತ್ತೆ, ನಿಮಗೆ ರಜೆ ಇರೋ ದಿನಕ್ಕೆ ಹೊಸ ಅಪಾಯಿಂಟ್‌ಮೆಂಟ್ ಕೇಳಿ. ಅಮ್ಮ ಪಕ್ಕದಲ್ಲೇ ಕೂತಿರಬೇಕು, ಯಾಕಂದ್ರೆ ಅವ್ರು ತಮ್ಮ ಹೆಸರು ಹುಟ್ಟಿದ ತಾರೀಕು ಹೇಳಿ "ಮಗಳ ಹತ್ರ ಮಾತಾಡಿ" ಅಂದ್ರೇನೇ ಆ ಕಡೆಯೋರು ಮುಂದುವರಿಯೋದು. ತಾರೀಕು ಅಂದಾಗ ಅಮ್ಮ ನವರಾತ್ರಿ ಟೈಮಲ್ಲಿ ಹುಟ್ಟಿದ್ದು ಅಂತೆಲ್ಲ ಶುರು ಮಾಡ್ಬಾರ್ದು, ಸ್ಕೂಲಿಗೆ ಸೇರಿಸ್ವಾಗ ಮೇಷ್ಟ್ರು ಬರೆದ ಆ ಜೂನ್ 1ನೇ ತಾರೀಕೇ ಹೇಳ್ಬೇಕು, ಪಾಸ್‌ಪೋರ್ಟಲ್ಲಿ ಇರೋದು ಅದೇ, ಅವ್ರ ಕಂಪ್ಯೂಟರಲ್ಲಿ ಸಿಗೋದೂ ಅದೇ! ಇಂಗ್ಲಿಷ್ ಕಷ್ಟ ಆದ್ರೆ ಇಂಟರ್ಪ್ರಿಟರ್ ಬೇಕು ಅಂತ ಆಗ್ಲೇ ಹೇಳಿ, ದುಡ್ಡು ಕೊಡೋ ಹಾಗಿಲ್ಲ, ಫೋನಲ್ಲೇ ಕನ್ನಡದಲ್ಲಿ ಹೇಳೋರನ್ನ ಹುಡುಕೋಕೆ ಅವ್ರಿಗೆ ಸಮಯ ಬೇಕು. ಹೋಗ್ವಾಗ ದೂರದ್ದು ಹತ್ತಿರದ್ದು ಎರಡೂ ಕನ್ನಡಕ, ಜೊತೆಗೊಂದು ಕೂಲಿಂಗ್ ಗ್ಲಾಸ್. ಅಮ್ಮ ಬೇಡ ಅಂತಾರೆ, ಆಚೆ ಬಂದ್ಮೇಲೆ ಅವ್ರೇ ಕೇಳ್ತಾರೆ.

ಪ್ರ: ನಾನು ಸ್ಲೋದಲ್ಲಿ ಐಟಿ ಕೆಲಸದಲ್ಲಿದೀನಿ, ವಯಸ್ಸು 36. ಬೆಂಗಳೂರಲ್ಲಿದ್ದಾಗ ಶುಗರ್ ಅಂತ ಗೊತ್ತಾಯ್ತು. ಮೆಟ್‌ಫಾರ್ಮಿನ್ ಅಲ್ಲಿಂದಲೇ ಸೂಟ್‌ಕೇಸಲ್ಲಿ ತರಿಸ್ಕೋತೀನಿ, ಇಲ್ಲಿನ ಜಿಪಿಗೆ ಹೇಳಿಲ್ಲ. ಫ್ರೆಂಡ್ಸ್‌ಗೆಲ್ಲ ಕಣ್ಣಿನ ಕಾಗದ ಬಂದಿದೆ ನಂಗೆ ಬಂದಿಲ್ಲ. ಹೇಳಿದ್ರೆ ವೀಸಾಗೆ, ಕಂಪನಿಗೆ ಏನಾದ್ರೂ ಪ್ರಾಬ್ಲಮ್ ಆಗತ್ತಾ? (ಹೆಸರು ಬೇಡ)

ಉ: ಕಾಗದ ಹೇಗೆ ಬರಬೇಕು ಹೇಳಿ? ಸ್ಕ್ರೀನಿಂಗ್‌ನೋರಿಗೆ ಹೆಸರು ಹೋಗೋದು ಜಿಪಿ, ಅಂದ್ರೆ ನೀವು ಹೆಸರು ನೋಂದಾಯಿಸಿರೋ ಫ್ಯಾಮಿಲಿ ಡಾಕ್ಟರ್, ಅವ್ರ ಕಂಪ್ಯೂಟರಿಂದ. ಅಲ್ಲಿ ನಿಮ್ಮ ಹೆಸರಿನ ಮುಂದೆ ಡಯಾಬಿಟಿಸ್ ಅಂತ ದಾಖಲಾಗಿಲ್ಲ ಅಂದ್ರೆ ಆ ಪಟ್ಟೀಲಿ ನೀವು ಇಲ್ವೇ ಇಲ್ಲ. ಕರೆದ್ರೂ ಬರ್ಲಿಲ್ಲ ಅಂತ ಲೆಕ್ಕ ಹಾಕ್ತಾರಲ್ಲ, ಅದ್ರಲ್ಲೂ ನೀವಿಲ್ಲ, ನಮ್ಮ ಜನರಲ್ಲಿ ನಿಮ್ಮ ಥರದೋರು ಎಷ್ಟು ಜನ ಇದಾರೋ, ನನ್ನ ತಲೆ ತಿನ್ನೋದು ಡ್ರಾಯರ್‌ಗೆ ಕಾಗದ ಹಾಕೋ ಅಮ್ಮಂದಿರಿಗಿಂತ ಇದೇ.

ವೀಸಾ ಭಯ ಬಿಡಿ. ಭಾರತದಿಂದ 6 ತಿಂಗಳಿಗಿಂತ ಹೆಚ್ಚು ಇರೋಕೆ ಬರೋರಿಗೆ ಕೇಳೋ ವೈದ್ಯಕೀಯ ಪರೀಕ್ಷೆ ಟಿಬಿದು, ಶುಗರ್‌ದಲ್ಲ. ಜಿಪಿ ರೆಕಾರ್ಡು ಕಂಪನಿಗೆ ಹೋಗಲ್ಲ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದೀರಲ್ವಾ, 2024ರಿಂದ ದೊಡ್ಡೋರಿಗೆ ವರ್ಷಕ್ಕೆ 1,035 ಪೌಂಡ್, ಆ ದುಡ್ಡು ಕೊಟ್ಟು ಮಾತ್ರೆ ಸೂಟ್‌ಕೇಸಲ್ಲಿ ತರೋದು ಯಾವ ಲೆಕ್ಕ? ಇಂಗ್ಲೆಂಡಲ್ಲಿ ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಿಗೆ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಸಿಗತ್ತೆ, ಜಿಪಿ ಹತ್ರ ಎಫ್‌ಪಿ92ಎ ಅನ್ನೋ ಫಾರ್ಮ್ ಕೇಳಿ, ಬರೆದುಕೊಡೋ ಎಲ್ಲಾ ಔಷಧಿನೂ ಫ್ರೀ, ಶುಗರ್‌ದೊಂದೇ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡೋರಿಗೆ ಮೆಟ್‌ಫಾರ್ಮಿನ್ ಒಂದಕ್ಕೆ ಹೇಳ್ಬೇಕಾಗಿಲ್ಲ, ಇನ್ಸುಲಿನ್ ಶುರುವಾದ್ರೆ ಹೇಳ್ಬೇಕು.

ಇನ್ನೊಂದು ಕಾರಣನೂ ಇರಬಹುದು, ನೀವು ಬರೆದಿಲ್ಲ ಆದ್ರೂ ಹೇಳ್ತೀನಿ. ಮದುವೆ ಮಾತುಕತೆ ನಡೀತಿದ್ದಾಗ ಶುಗರ್ ಅಂತ ಗೊತ್ತಾದ್ರೆ ಕಷ್ಟ ಅಂತ ಮನೆಯೋರೇ ಬಾಯಿ ಕಟ್ಟಿಸಿರ್ತಾರೆ. ಜಿಪಿ ನಿಮ್ಮ ಮಾವನ ಮನೆಗೆ ಫೋನ್ ಮಾಡಲ್ಲ ಸ್ವಾಮಿ. ಚಿಕ್ಕ ವಯಸ್ಸಲ್ಲಿ ಬಂದ ಶುಗರ್ ಕಣ್ಣನ್ನ ಹೆಚ್ಚು ವರ್ಷ ತಿನ್ನತ್ತೆ, ಕರೆದ್ರೆ ಕಡಿಮೆ ಬರೋದೂ ಈ ವಯಸ್ಸಿನೋರೇ. ಬೆಂಗಳೂರಿನ ರಿಪೋರ್ಟ್ ತಗೊಂಡು ಈ ವಾರನೇ ಹೋಗಿ.

ಅಂದಹಾಗೆ ಮನೆ ಬದಲಾಯಿಸಿದಾಗ ಬ್ಯಾಂಕಿಗೆ, ಕೌನ್ಸಿಲ್‌ಗೆ, ಅಮೆಜಾನ್‌ಗೆಲ್ಲ ಹೊಸ ಅಡ್ರೆಸ್ ಕೊಡ್ತೀವಿ, ಜಿಪಿಗೆ ಮಾತ್ರ ಮರೀತೀವಿ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗೋ ನಮ್ಮೋರ ಕಾಗದಗಳೆಲ್ಲ ಹಳೇ ಮನೆ ಬಾಗಿಲ ಹಿಂದೆ ಬಿದ್ದಿರ್ತವೆ.

ಪ್ರ: ಹೈಸ್ಟ್ರೀಟಲ್ಲಿ ಕನ್ನಡಕದಂಗಡೀಲಿ ಹೋದ ತಿಂಗಳಷ್ಟೇ ಕಣ್ಣು ಟೆಸ್ಟ್ ಮಾಡಿಸಿದೀನಿ, ಫೋಟೋನೂ ತೆಗೆದ್ರು. ಮತ್ತೆ ಸ್ಕ್ರೀನಿಂಗ್‌ಗೂ ಹೋಗ್ಬೇಕಾ? (ರೆಡಿಂಗ್)

ಉ: ಹೋಗ್ಬೇಕು. ಅಂಗಡಿಯದು ಕನ್ನಡಕದ ನಂಬರ್, ಕಣ್ಣಿನ ಪ್ರೆಷರ್ ಇತ್ಯಾದಿಗೆ. ಸ್ಕ್ರೀನಿಂಗ್ ಫೋಟೋನ ಅದಕ್ಕೇ ತರಬೇತಾದ ಗ್ರೇಡರ್‌ಗಳು ಕೂತು ನೋಡ್ತಾರೆ, ಹೋದ ಸಲದ್ದರ ಜೊತೆ ಹೋಲಿಸ್ತಾರೆ, ತೊಂದರೆ ಕಂಡ್ರೆ ಅವ್ರೇ ಆಸ್ಪತ್ರೆಗೆ ಕಳಿಸ್ತಾರೆ. ಇದಿದ್ರೆ ಅದು ಬೇಡ ಅಂತೇನಿಲ್ಲ, ಶುಗರ್ ಇರೋರಿಗೆ ಎನ್‌ಎಚ್‌ಎಸ್ ಲೆಕ್ಕದಲ್ಲಿ ಅಂಗಡಿಯ ಕಣ್ಣಿನ ಟೆಸ್ಟೂ ಫ್ರೀನೇ, ಎರಡೂ ಮಾಡಿಸ್ಕೊಳ್ಳಿ.

ಪ್ರ: ಲೂಟನ್‌ನಲ್ಲಿ ಮಿನಿಕ್ಯಾಬ್ ಓಡಿಸ್ತೇನೆ, ಊರು ಭಟ್ಕಳ. ಡ್ರಾಪ್ಸ್ ಹಾಕಿದ್ರೆ ಗಾಡಿ ಓಡಿಸ್ಬಾರದು ಅಂತಾರೆ, ಅಂದ್ರೆ ಒಂದು ದಿನದ ದುಡಿಮೆ ಹೋಯ್ತು. ಹೋದ ಸಲ ರಂಜಾನಲ್ಲಿ ತಾರೀಕು ಕೊಟ್ಟಿದ್ರು, ಹೋಗ್ಲಿಲ್ಲ.

ಉ: ಭಾಯ್, ನಿಮ್ಮದು ನಿಜವಾದ ಕಷ್ಟ, ಜನ ಬರಲ್ಲ ಬರಲ್ಲ ಅಂತ ದೂರೋರು ಇದನ್ನ ಲೆಕ್ಕಕ್ಕೆ ಇಟ್ಕೋಬೇಕು. ಡ್ರಾಪ್ಸ್ ಮಂಜು ಸುಮಾರು 6 ಗಂಟೆ ತನಕ ಇರಬಹುದು, ಅಷ್ಟೊತ್ತು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ನೀವು ರಾತ್ರಿ ಪಾಳಿ ಮಾಡೋರಾದ್ರೆ ಬೆಳಗಿನ ಮೊದಲನೇ ಸ್ಲಾಟ್ ಕೇಳಿ, ಗಾಡಿ ಮನೇಲಿ ಬಿಟ್ಟು ಬಸ್ಸಲ್ಲಿ ಹೋಗಿ ಬಂದು ಮಲಗಿ, ಏಳೋ ಹೊತ್ತಿಗೆ ಸರಿಯಾಗಿರತ್ತೆ. ಹಗಲು ಪಾಳಿ ಆದ್ರೆ ದಿನದ ಕೊನೇ ಸ್ಲಾಟ್. ಕೆಲವು ಕಡೆ ಶನಿವಾರನೂ ಇರತ್ತೆ, ಕೇಳಿದ್ರೇನೇ ಹೇಳ್ತಾರೆ. ರಂಜಾನ್ ತಾರೀಕು ಬಿದ್ರೆ ಫೋನ್ ಮಾಡಿ ಈದ್ ಆದ್ಮೇಲಕ್ಕೆ ಹಾಕಿಸ್ಕೊಳ್ಳಿ, ಬೇರೆ ತಾರೀಕು ಕೊಡ್ತಾರೆ. ಉಪವಾಸದಲ್ಲಿ ಕಣ್ಣಿಗೆ ಡ್ರಾಪ್ಸ್ ನಡೆಯತ್ತಾ ಅನ್ನೋದನ್ನ ನಿಮ್ಮ ಮೌಲ್ವಿಗಳ ಹತ್ರ ಕೇಳಿ, ಅದು ನಾನು ಹೇಳೋ ಮಾತಲ್ಲ. ಒಂದು ಒಳ್ಳೇ ಸುದ್ದಿ, 2023ರ ಅಕ್ಟೋಬರ್‌ನಿಂದ ಇಂಗ್ಲೆಂಡಲ್ಲಿ ಸತತ ಎರಡು ಸಲ ಏನೂ ಇಲ್ಲ ಅಂತ ಬಂದೋರನ್ನ ಎರಡು ವರ್ಷಕ್ಕೊಮ್ಮೆ ಕರೆಯೋಕೆ ಶುರು ಮಾಡಿದಾರೆ. ಆದ್ರೆ ಆ ಎರಡು ಸಲನಾದ್ರೂ ಹೋಗಿದ್ರೆ ತಾನೆ!

ಪ್ರ: ನಮ್ಮದು ಮಿಲ್ಟನ್ ಕೀನ್ಸ್ ಕಡೆಯ ಸಣ್ಣ ಕನ್ನಡ ಬಳಗ. ಈ ಸಲ ಯುಗಾದಿ ಕಾರ್ಯಕ್ರಮದಲ್ಲಿ ಶುಗರ್ ಕಣ್ಣಿನ ಬಗ್ಗೆ ಏನಾದ್ರೂ ಮಾಡೋಣ ಅಂತಿದೀವಿ. ಕ್ಯಾಮೆರಾ ಬಾಡಿಗೆಗೆ ತಂದು ಕ್ಯಾಂಪ್ ಹಾಕ್ಲಾ, ಪೋಸ್ಟರ್ ಹಾಕ್ಲಾ? (ಕಮಿಟಿಯ ಪರವಾಗಿ)

ಉ: ಕ್ಯಾಂಪ್ ಬೇಡ. ಫೋಟೋ ತೆಗೆಯೋದು ಸುಲಭ, ಅದನ್ನ ಯಾರು ಓದ್ತಾರೆ, ತೊಂದರೆ ಕಂಡ್ರೆ ಯಾರು ಆಸ್ಪತ್ರೆಗೆ ಬರೀತಾರೆ, ಮುಂದಿನ ವರ್ಷ ಯಾರು ಕರೀತಾರೆ? ಅದಕ್ಕೆಲ್ಲ ಆಗ್ಲೇ ಒಂದು ವ್ಯವಸ್ಥೆ ಇದೆ, ನಮ್ಮ ಜನ ಅದ್ರ ಬಾಗಿಲ ತನಕ ತಲುಪ್ತಿಲ್ಲ, ನೀವು ಮಾಡ್ಬೇಕಾದ್ದು ತಲುಪಿಸೋದು. ಪೋಸ್ಟರನ್ನ ಯಾರೂ ಓದಲ್ಲ, ಪಕ್ಕದಲ್ಲಿ ಹೋಳಿಗೆ ಊಟ ಇದ್ದಾಗಂತೂ ಇಲ್ವೇ ಇಲ್ಲ.

ನಾನಾದ್ರೆ ಊಟದ ಹಾಲ್ ಬಾಗಿಲಲ್ಲಿ ಒಂದು ಟೇಬಲ್ ಹಾಕಿ, ಎನ್‌ಎಚ್‌ಎಸ್ಸಲ್ಲಿ ಕೆಲಸ ಮಾಡೋ ನಮ್ಮೋರಿಬ್ಬರನ್ನ ಕೂರಿಸ್ತೀನಿ, ಮಂಗಳೂರು ಕಡೆಯ ನರ್ಸ್‌ಗಳು ಎಲ್ಲಾ ಊರಲ್ಲೂ ಸಿಗ್ತಾರೆ. ಆಮಂತ್ರಣದಲ್ಲೇ "ಮನೇಲಿರೋ ಎನ್‌ಎಚ್‌ಎಸ್ ಕಾಗದ ತನ್ನಿ, ಓದಿ ಹೇಳ್ತೀವಿ" ಅಂತ ಒಂದು ಸಾಲು. ಜನ ಎಲ್ಲಾ ಥರದ ಕಾಗದ ತರ್ತಾರೆ, ಹಲ್ಲಿಂದು, ಮೊಣಕಾಲಿಂದು, ಬೇಡ ಅನ್ಬೇಡಿ, ಮಧ್ಯೆ ಕಣ್ಣಿಂದೂ ಬರತ್ತೆ. ಕಾರ್ಯಕ್ರಮ ಭಾನುವಾರ ಆದ್ರೆ ಫೋನ್ ಎತ್ತಲ್ಲ, ಹಾಗಾಗಿ ಹೆಸರು ನಂಬರ್ ಅವ್ರ ಒಪ್ಪಿಗೆ ಕೇಳಿ ಬರ್ಕೊಂಡು, ವಾರದ ದಿನ ಒಬ್ರು ಜೊತೆಲಿ ಕೂತು ಫೋನ್ ಮಾಡಿಸ್ಬೇಕು. ಎಲ್ರ ಮುಂದೆ ಮೈಕಲ್ಲಿ "ಶುಗರ್ ಇರೋರು ಕೈ ಎತ್ತಿ" ಅನ್ಬೇಡಿ ದಯವಿಟ್ಟು, ಮಗಳ ಮದುವೆ ಆಗ್ಬೇಕಾದೋರು ಯಾರೂ ಎತ್ತಲ್ಲ.

ಇದು ನನ್ನ ಊಹೆಯಷ್ಟೇ ಅಲ್ಲ. ಜನರನ್ನ ಈ ಪರೀಕ್ಷೆಗೆ ಬರೋ ಹಾಗೆ ಮಾಡೋದು ಹೇಗೆ ಅಂತ ನಡೆದ 66 ಪ್ರಯೋಗಗಳನ್ನ, ವೈದ್ಯಕೀಯ ಅಧ್ಯಯನಗಳನ್ನ ಸೇರಿಸಿ ತೂಗಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯೋರು 2018ರಲ್ಲಿ ಒಟ್ಟು ಹಾಕಿ ನೋಡಿದ್ರು. ಸುಮ್ನೆ ಬಿಟ್ಟಿದ್ದಕ್ಕೆ ಹೋಲಿಸಿದ್ರೆ, ಏನಾದ್ರೂ ಪ್ರಯತ್ನ ಮಾಡಿದ ಕಡೆ ನೂರಕ್ಕೆ ಸುಮಾರು 12 ಜನ ಹೆಚ್ಚು ಬಂದಿದ್ರು. ಕಡಿಮೆ ಅನ್ಸಬಹುದು. ನಿಮ್ಮ ಬಳಗದಲ್ಲಿ ಶುಗರ್ ಇರೋರು 50 ಜನ ಇದ್ರೆ ಅಂದಾಜು 6 ಜನ ಅಂತಾಯ್ತು, ಅವ್ರಲ್ಲಿ ಯಾರಿಗೆ ಏನು ಶುರುವಾಗಿದ್ಯೋ ಫೋಟೋ ತೆಗೆಯೋ ತನಕ ಗೊತ್ತಿಲ್ವಲ್ಲ. ಮತ್ತೆ ನಮ್ಮೋರಲ್ಲಿ ಶುಗರ್ ಕಡಿಮೇನೂ ಅಲ್ಲ, ಬ್ರಿಟನ್ನಲ್ಲಿ ದಕ್ಷಿಣ ಏಷ್ಯಾ ಮೂಲದೋರಿಗೆ ಟೈಪ್ 2 ಬರೋ ಸಾಧ್ಯತೆ ಬಿಳಿಯರಿಗಿಂತ 2ರಿಂದ 4 ಪಟ್ಟು.

ಭಾಷೆ ವಿಚಾರಕ್ಕೆ ಬಂದ್ರೆ, ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಮಾತಾಡೋರಿಗೆ ಅವ್ರ ಭಾಷೇಲೇ ಮಾಹಿತಿ ಹಾಳೆ ಸಿಗತ್ತೆ, ನಮ್ಮದು ಸಣ್ಣ ಗುಂಪು, ಕಾಯ್ತಾ ಕೂತ್ರೆ ಆಗಲ್ಲ. ಹಾಗಂತ ಗ್ರಾಂಥಿಕ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿದ್ರೂ ಪ್ರಯೋಜನ ಕಡಿಮೆ. ಮನೇಲಿ ತುಳು ಮಾತಾಡೋ ಅಜ್ಜಿಗೆ, ಕೊಂಕಣಿ, ಬ್ಯಾರಿ ಮಾತಾಡೋರಿಗೆ ಅದು ಇನ್ನೊಂದು ಕಾಗದ ಅಷ್ಟೇ. ಪರೀಕ್ಷೆ ಮಾಡಿಸ್ಕೊಂಡು ಬಂದೋರೇ ಒಬ್ರು ಎರಡು ನಿಮಿಷ ತಮ್ಮ ಮಾತಲ್ಲಿ ವಾಯ್ಸ್ ಮೆಸೇಜ್ ಮಾಡ್ಲಿ, "ಹೋದೆ, ಡ್ರಾಪ್ಸ್ ಚುರುಕ್ ಅಂತು, ಫೋಟೋ ತೆಗೆದ್ರು, ಬಂದು ಮಲ್ಕೊಂಡೆ" ಅಂತ, ವಾಟ್ಸಾಪ್ ಗ್ರೂಪಲ್ಲಿ ಅದು ಅಡುಗೆಮನೆ ತನಕ ಹೋಗತ್ತೆ. ಡಾಕ್ಟರ್ ಮಾತಿಗಿಂತ ಪಕ್ಕದ ಬೀದಿ ಸಾವಿತ್ರಮ್ಮನಂಥೋರ ಮಾತಿಗೇ ಬೆಲೆ ಜಾಸ್ತಿ, ನಂಗೆ ಬೇಜಾರಾದ್ರೂ ಇದು ನಿಜ.

ಕೊನೇದಾಗಿ ಗಾಡಿ. ಡ್ರಾಪ್ಸ್ ಹಾಕಿಸ್ಕೊಂಡೋರು ಓಡಿಸೋ ಹಾಗಿಲ್ಲ, ಮಗ ಸೊಸೆ ಆಫೀಸಲ್ಲಿ, ಎರಡು ಬಸ್ ಬದಲಾಯಿಸೋಕೆ ಹಿರಿಯರಿಗೆ ಭಯ. ಬಳಗದಲ್ಲಿ ರಿಟೈರ್ ಆದ ನಾಲ್ಕು ಜನ ಬಿಡಿಸಿ ಕರ್ಕೊಂಡು ಬರೋಕೆ ಒಪ್ಕೊಂಡ್ರೆ, ನಿಮ್ಮ ಯುಗಾದಿ ಖರ್ಚಲ್ಲಿ ಒಂದು ಪೈಸೆ ಹೆಚ್ಚಾಗಲ್ಲ.

ಪ್ರ: ನಮ್ಮ ಅಪ್ಪಾಜಿ ಅವ್ವ ಧಾರವಾಡದಿಂದ ಆರು ತಿಂಗಳ ವಿಸಿಟ್ ವೀಸಾ ಮ್ಯಾಲೆ ಬರಾಕತ್ತಾರ್ರಿ. ಇಬ್ಬರಿಗೂ ಶುಗರ್ ಐತಿ. ಇಲ್ಲೇ ಈ ಫ್ರೀ ಸ್ಕ್ರೀನಿಂಗ್ ಮಾಡಿಸಬಹುದೇನ್ರಿ? (ಬರ್ಮಿಂಗ್‌ಹ್ಯಾಮ್)

ಉ: ಇದು ಅಲ್ಲಿ ನೆಲೆಸಿರೋರಿಗಿರೋ ಕಾರ್ಯಕ್ರಮ, ವಿಸಿಟ್‌ಗೆ ಬಂದೋರಿಗಲ್ಲ. ಮೇಲಾಗಿ ಅಲ್ಲಿಗೆ ಬಂದ್ಮೇಲೆ ಕಣ್ಣಿಗೆ ಆಸ್ಪತ್ರೆ ಚಿಕಿತ್ಸೆ ಬೇಕಾದ್ರೆ ವಿಸಿಟರ್‌ಗಳಿಗೆ ಎನ್‌ಎಚ್‌ಎಸ್ ತನ್ನ ದರದ 150% ಬಿಲ್ ಹಾಕತ್ತೆ. ಆದ್ದರಿಂದ ವಿಮಾನ ಹತ್ತೋ ಮುಂಚೆ ಧಾರವಾಡದಲ್ಲೋ ಹುಬ್ಬಳ್ಳೀಲೋ ಕಣ್ಣಿನ ಡಾಕ್ಟರ ಹತ್ರ ಪಾಪೆ ಅಗಲ ಮಾಡಿ ರೆಟಿನಾ ನೋಡಿಸಿ, ಬರೀ ಕನ್ನಡಕದ ಚೆಕಪ್ ಅಲ್ಲ. ಏನಾದ್ರೂ ಇದ್ರೆ ಚಿಕಿತ್ಸೆ ಮುಗಿಸ್ಕೊಂಡೇ ಹೊರಡ್ಲಿ, ರಿಪೋರ್ಟ್ ಫೋನಲ್ಲಿ ಇಟ್ಕೊಳ್ಳಿ, ಟ್ರಾವೆಲ್ ಇನ್ಶೂರೆನ್ಸಲ್ಲಿ ಶುಗರ್ ಇದೆ ಅಂತ ಮುಚ್ಚಿಡದೆ ಬರೀರಿ. ಭಾರತದಲ್ಲಿ ಶುಗರ್ ಇರೋರು ಸುಮಾರು 10 ಕೋಟಿ ಅಂತ 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳ್ತು, ಅಷ್ಟೂ ಜನಕ್ಕೆ ವರ್ಷ ವರ್ಷ ಕಾಗದ ಹಾಕಿ ಕರೆಯೋ ಏರ್ಪಾಡು ನಮ್ಮಲ್ಲಿಲ್ಲ, ನಿಮ್ಮ ಫೋನಲ್ಲಿ ನೀವೇ ರಿಮೈಂಡರ್ ಇಟ್ಕೊಂಡು ಪ್ರತಿ ವರ್ಷ ಅಪ್ಪಾಜಿಗೆ ನೆನಪು ಮಾಡಿ.

ಪ್ರ: ಸ್ಕ್ರೀನಿಂಗ್ ಆಗಿ ಕಾಗದ ಬಂತು, ಬ್ಯಾಕ್‌ಗ್ರೌಂಡ್ ರೆಟಿನೋಪಥಿ ಅಂತ ಬರೆದಿದೆ. ರಾತ್ರಿ ನಿದ್ದೆ ಬರ್ತಿಲ್ಲ. (ಲೆಸ್ಟರ್)

ಉ: ನಿದ್ದೆ ಮಾಡಿ. ಅದು ಆರ್1, ಮೊದಲನೇ ಮೆಟ್ಟಿಲು, ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡಿದೆ ಅಂತ ಅರ್ಥ. ಕಣ್ಣಿಗೆ ಈಗ ಚಿಕಿತ್ಸೆ ಬೇಡ, ಮುಂದಿನ ವರ್ಷ ಮತ್ತೆ ಫೋಟೋ. ಈ ಮಧ್ಯೆ ಶುಗರ್ ಜೊತೆ ಬಿಪಿನೂ ನೋಡ್ಕೊಳ್ಳಿ, ಬಿಪಿ ಏರಿದ್ರೆ ಈ ನಾಳಗಳಿಗೆ ಇನ್ನೂ ಪೆಟ್ಟು, ಸಿಗರೇಟ್ ಸೇದ್ತಿದ್ರೆ ಬಿಡಿ. ಆರ್2, ಆರ್3 (ಇನ್ನೂ ಮುಂದಿನ ಮೆಟ್ಟಿಲು) ಅಥವಾ ಎಂ1 (ಮ್ಯಾಕ್ಯುಲಾಗೆ ತಾಗಿದ್ದು) ಅಂತ ಬಂದ್ರೆ ಸ್ಕ್ರೀನಿಂಗ್‌ನೋರೇ ಆಸ್ಪತ್ರೆಗೆ ಕಳಿಸ್ತಾರೆ, ಆ ಆಸ್ಪತ್ರೆ ತಾರೀಕನ್ನ ಊರಿಗೆ ಹೋಗ್ಬೇಕು, ಮದುವೆ ಇದೆ ಅಂತ ಮುಂದಕ್ಕೆ ಹಾಕ್ಬೇಡಿ. ನಿಮ್ಮಲ್ಲಿ ಶುಗರ್ ಇರೋ ಹೆಣ್ಣುಮಕ್ಕಳು ಬಸುರಿಯಾದ್ರೆ ಎರಡು ವರ್ಷದ ಲೆಕ್ಕ ನಡೆಯಲ್ಲ, ಶುರುವಿಗೊಮ್ಮೆ ಆಮೇಲೆ 28 ವಾರದ ಹೊತ್ತಿಗೊಮ್ಮೆ ಕರೀತಾರೆ, ಸೂಲಗಿತ್ತಿಗೆ ಅಂದ್ರೆ ಮಿಡ್‌ವೈಫ್‌ಗೆ ಮೊದಲನೇ ಭೇಟೀಲೇ ಹೇಳ್ಬೇಕು. ಮತ್ತೆ ಎಲ್ರಿಗೂ ಸೇರಿಸಿ ಹೇಳ್ತೀನಿ, ಕಣ್ಣ ಮುಂದೆ ಇದ್ದಕ್ಕಿದ್ದಂಗೆ ಕಪ್ಪು ಚುಕ್ಕೆ ಮಳೆ ಸುರಿದಂಗೆ ಕಂಡ್ರೆ, ಮಿಂಚು ಹೊಡೆದಂಗಾದ್ರೆ, ಒಂದು ಕಡೆ ಪರದೆ ಇಳಿದಂಗಾದ್ರೆ ಸ್ಕ್ರೀನಿಂಗ್ ಕಾಗದಕ್ಕೆ ಕಾಯ್ಬೇಡಿ, ಅವತ್ತೇ ಎನ್‌ಎಚ್‌ಎಸ್ ಸಹಾಯವಾಣಿ 111ಗೆ ಫೋನ್ ಮಾಡಿ ಇಲ್ಲಾ ಸೀದಾ ಕಣ್ಣಿನ ಎಮರ್ಜೆನ್ಸಿಗೆ ಹೋಗಿ.